ಅಪ್ಪನ ಕಡೆಯವರು ಯಾರಿದ್ದಾರೆ?

ಆ ದಿನ ಮಣಿಪಾಲದಲ್ಲಿ ಡಾಕ್ಟ್ರು ನನ್ನ ದಪ್ಪ ಫೈಲನ್ನು ಎರಡು ನಿಮಿಷ ನೋಡಿ ಪಕ್ಕಕ್ಕಿಟ್ಟರು. ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್ ತೆಗೆದುಕೊಂಡರು. ಹಾಳೆಯ ಕೆಳಗೆ ಒಂದು ಸಣ್ಣ ವೃತ್ತ ಬರೆದು ಅದರೊಳಗೆ ಕಪ್ಪು ತುಂಬಿಸಿದರು.

"ಇದು ನೀವು" ಎಂದರು. "ಈಗ ಮನೆಯವರನ್ನೆಲ್ಲ ಹೇಳಿ."

ನಾನು ಹೇಳುತ್ತಾ ಹೋದೆ. ಅಮ್ಮ, ದೊಡ್ಡಮ್ಮ, ಇಬ್ಬರು ಮಾವಂದಿರು, ಅಜ್ಜಿ, ಅಜ್ಜಿಯ ತಂಗಿ, ಅವರ ಮಕ್ಕಳು. ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ. ಹಾಳೆಯ ಎಡಭಾಗ ತುಂಬಿತು. ಹದಿನೇಳು ಜನ ಆದರು. ಬಲಗಡೆ ಒಂದೇ ಒಂದು ಚೌಕ ಇತ್ತು. ಅದರ ಮೇಲೆ ಒಂದು ಓರೆ ಗೆರೆ. ತೀರಿಕೊಂಡವರಿಗೆ ಹಾಗೆ ಗೆರೆ ಎಳೆಯುತ್ತಾರಂತೆ. ಅದು ನನ್ನ ಅಪ್ಪ.

"ಅಪ್ಪನ ಕಡೆಯವರು ಯಾರಿದ್ದಾರೆ?" ಎಂದು ಕೇಳಿದರು.

ನನಗೆ ಉತ್ತರ ಗೊತ್ತಿರಲಿಲ್ಲ. ಹದಿನೈದು ವರ್ಷ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಂಡವಳು ನಾನು. ಈ ಪ್ರಶ್ನೆಯನ್ನು ಅಷ್ಟು ಕಾಲ ಯಾರೂ ಹೀಗೆ ಕೇಳಿರಲಿಲ್ಲ.

ನನಗೆ ಶುಗರ್ ಬಂದದ್ದು 2009ರಲ್ಲಿ. ಆಗ ಹತ್ತೊಂಬತ್ತು ವರ್ಷ. ಮಂಗಳೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದುತ್ತಿದ್ದೆ. ರಾತ್ರಿ ಎದ್ದು ಎದ್ದು ನೀರು ಕುಡಿಯುತ್ತಿದ್ದೆ. 48 ಕಿಲೋ ಇದ್ದವಳು 41ಕ್ಕೆ ಇಳಿದಿದ್ದೆ. ರಕ್ತ ನೋಡಿದರೆ 386. ಸಣ್ಣ ವಯಸ್ಸು, ಕಡ್ಡಿಯಂಥ ಮೈ. ಟೈಪ್ ಒನ್ ಎಂದರು, ಅದೇ ದಿನ ಇನ್ಸುಲಿನ್ ಶುರು ಮಾಡಿದರು. ಆ ಡಾಕ್ಟ್ರನ್ನು ನಾನು ದೂರುವುದಿಲ್ಲ. ಹತ್ತರಲ್ಲಿ ಒಂಬತ್ತು ಜನ ಡಾಕ್ಟ್ರು ಹಾಗೇ ಹೇಳುತ್ತಿದ್ದರೇನೋ. "ಮನೆಯಲ್ಲಿ ಯಾರಿಗಾದ್ರೂ ಉಂಟಾ?" ಎಂದು ಅವರೂ ಕೇಳಿದ್ದರು. ಜೊತೆಗೆ ಬಂದಿದ್ದ ಮಾವ, "ಇಲ್ಲ ಡಾಕ್ಟ್ರೇ, ನಮ್ಮ ಕುಟುಂಬದಲ್ಲಿ ಯಾರಿಗೂ ಇಲ್ಲ" ಎಂದರು.

ಮಾವ ಸುಳ್ಳು ಹೇಳಲಿಲ್ಲ. ನಮ್ಮದು ಅಳಿಯಕಟ್ಟು. ಕುಟುಂಬ ಅಂದರೆ ತಾಯಿಯ ಕಡೆ. ಬರಿ, ಅಂದರೆ ಗೋತ್ರದ ಹಾಗಿನದು, ಬರುವುದು ತಾಯಿಯಿಂದ. ನಾಗನಿಗೆ ತಂಬಿಲ ಕೊಡಲು ಹೋಗುವುದು ತಾಯಿಯ ಕುಟುಂಬದ ಬನಕ್ಕೆ. ನನಗೆ ಏಳು ವರ್ಷ ಆಗಿದ್ದಾಗ, 1997ರಲ್ಲಿ, ಅಪ್ಪ ಮುಂಬೈಯಲ್ಲಿ ತೀರಿಕೊಂಡರು. ಅಲ್ಲಿ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಅಮ್ಮ ನನ್ನನ್ನು ಕರೆದುಕೊಂಡು ಹಿರಿಯಡ್ಕದ ತನ್ನ ಮನೆಗೆ ಬಂದರು. ಆಮೇಲೆ ಅಪ್ಪನ ಮನೆಯವರ ಜೊತೆ ಮದುವೆ, ಸಾವು ಬಿಟ್ಟರೆ ಹೋಗಿಬಂದು ಇರಲಿಲ್ಲ. ಜಗಳ ಆದದ್ದಲ್ಲ. ಸುಮ್ನೆ ದಾರಿ ಹುಲ್ಲು ಬೆಳೆದು ಮುಚ್ಚಿಹೋಯಿತು.

ಮಣಿಪಾಲಕ್ಕೆ ಹೋಗುವ ಹಾಗೆ ಮಾಡಿದ್ದು ಒಂದು ಮೂತ್ರ ಪರೀಕ್ಷೆ. 2024ರ ಜನವರಿ. ನಾನು ಪಾಠ ಮಾಡುವ ಶಾಲೆಯಲ್ಲಿ ಆರೋಗ್ಯ ತಪಾಸಣೆ ಇತ್ತು. ಬೆರಳಿನ ರಕ್ತದಲ್ಲಿ ನನ್ನ ಶುಗರ್ 148. ಅದೇ ಹೊತ್ತಿಗೆ ಮೂತ್ರದ ಪಟ್ಟಿ ಕಡು ಕಂದಾಯಿತು, ಮೂರು ಪ್ಲಸ್. ಲ್ಯಾಬಿನ ಹುಡುಗ ಪಟ್ಟಿ ಹಾಳಾಗಿದೆ ಎಂದು ಇನ್ನೊಂದು ಅದ್ದಿದ. ಅದೂ ಹಾಗೇ. "ಮೇಡಂ, 148ಕ್ಕೆ ಇಷ್ಟು ಬರ್ಲಿಕ್ಕಿಲ್ಲ, ಒಮ್ಮೆ ದೊಡ್ಡ ಡಾಕ್ಟ್ರಿಗೆ ತೋರಿಸಿ" ಎಂದ. ಆ ಹುಡುಗನನ್ನು ನಾನು ಇವತ್ತಿಗೂ ನೆನೆಸುತ್ತೇನೆ. ಅವನು ಸುಮ್ಮನೆ ಬರೆದುಕೊಂಡು ಮುಂದಿನವರನ್ನು ಕರೆಯಬಹುದಿತ್ತು.

ಸಾಮಾನ್ಯವಾಗಿ ರಕ್ತದಲ್ಲಿ ಸಕ್ಕರೆ 180 ದಾಟಿದ ಮೇಲೆ ಕಿಡ್ನಿ ಅದನ್ನು ಮೂತ್ರಕ್ಕೆ ಬಿಡುತ್ತದೆ. ಅದಕ್ಕಿಂತ ಕೆಳಗಿದ್ದರೆ ಹಿಡಿದು ವಾಪಸ್ ರಕ್ತಕ್ಕೆ ಕಳಿಸುತ್ತದೆ. ನನ್ನ ಕಿಡ್ನಿ ಬೇಗನೇ ಕೈಬಿಡುತ್ತಿತ್ತು. ಹೊಸ ಡಾಕ್ಟ್ರು ಹಾಳೆ, ಪೆನ್ಸಿಲ್ ತೆಗೆದದ್ದು ಇದನ್ನು ಕೇಳಿದ ಮೇಲೆ.

ಅವರು ಇನ್ನೊಂದು ಪ್ರಶ್ನೆಯನ್ನೂ ಕೇಳಿದರು. "ಯಾವತ್ತಾದ್ರೂ ಇನ್ಸುಲಿನ್ ತಪ್ಪಿದ್ದುಂಟಾ? ನಿಜ ಹೇಳಿ, ಬೈಯುವುದಿಲ್ಲ."

ಇದ್ದದ್ದು ಹೇಳಿದೆ. ನಾಲ್ಕು ವರ್ಷ ಹಿಂದೆ ದೊಡ್ಡಮ್ಮನ ಮಗಳ ಮದುವೆಗೆ ಕಾರ್ಕಳಕ್ಕೆ ಹೋಗಿದ್ದೆ. ಇನ್ಸುಲಿನ್ ಇದ್ದ ಚೀಲ ಮಂಗಳೂರಿನ ಮನೆಯಲ್ಲೇ ಉಳಿದಿತ್ತು. ಮೆಹಂದಿಯ ದಿನ, ಮದುವೆಯ ದಿನ, ಎರಡು ದಿನ ಪೂರ್ತಿ ಇನ್ಸುಲಿನ್ ಇಲ್ಲ. ಮದುವೆ ಮನೆಯಲ್ಲಿ ಗಲಾಟೆ ಮಾಡಬಾರದು ಎಂದು ಯಾರಿಗೂ ಹೇಳಲಿಲ್ಲ. ಬಾಯಿ ಒಣಗಿತು, ಸುಸ್ತಾಯಿತು, ಶುಗರ್ 290 ಆಯಿತು. ಅಷ್ಟೇ. ವಾಂತಿ ಇಲ್ಲ, ಹೊಟ್ಟೆನೋವಿಲ್ಲ, ಉಸಿರು ಏರಲಿಲ್ಲ. ಈ ವಿಷಯವನ್ನು ನಾನು ತಪ್ಪು ಮಾಡಿದವಳ ಹಾಗೆ ಮುಚ್ಚಿಟ್ಟಿದ್ದೆ. ಡಾಕ್ಟ್ರು ಪೆನ್ಸಿಲ್ ಕೆಳಗಿಟ್ಟು ನನ್ನನ್ನೇ ನೋಡಿದರು.

"ಹದಿನೈದು ವರ್ಷದ ಟೈಪ್ ಒನ್ ಆಗಿದ್ದರೆ ಎರಡು ದಿನಕ್ಕೆ ನೀವು ಐಸಿಯುನಲ್ಲಿ ಇರಬೇಕಿತ್ತು" ಎಂದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಇದನ್ನು ಓದಿ ಯಾರೂ ಇನ್ಸುಲಿನ್ ಬಿಟ್ಟು ಪರೀಕ್ಷೆ ಮಾಡಿ ನೋಡಬೇಡಿ. ನಿಜವಾದ ಟೈಪ್ ಒನ್ ಇದ್ದವರಿಗೆ ಒಂದು ದಿನ ತಪ್ಪಿದರೂ ರಕ್ತದಲ್ಲಿ ಕೀಟೋನ್ ತುಂಬಿ ಜೀವಕ್ಕೇ ಅಪಾಯ. ನನಗೆ ಏನೂ ಆಗಲಿಲ್ಲ ಅಂದರೆ ನನ್ನ ಕಾಯಿಲೆ ಬೇರೆ ಇತ್ತು.

ಮೊದಲು ಮಾಡಿದ್ದು ಸಿ-ಪೆಪ್ಟೈಡ್ ಪರೀಕ್ಷೆ. ಇದನ್ನು ಡಾಕ್ಟ್ರು ಹೇಳಿಕೊಟ್ಟ ಕ್ರಮ ನನಗೆ ತುಂಬಾ ಇಷ್ಟವಾಯಿತು. ನಮ್ಮ ಮೇದೋಜೀರಕ ಗ್ರಂಥಿಯಲ್ಲಿ ಬೀಟಾ ಕೋಶಗಳಿವೆ. ಅವು ಇನ್ಸುಲಿನ್ನನ್ನು ನೇರವಾಗಿ ಮಾಡುವುದಿಲ್ಲ. ಮೊದಲು ಒಂದು ಉದ್ದದ ಸರಪಳಿ ಮಾಡಿ ಆಮೇಲೆ ಕತ್ತರಿಸುತ್ತವೆ. ಒಂದು ತುಂಡು ಇನ್ಸುಲಿನ್, ಉಳಿದ ತುಂಡು ಸಿ-ಪೆಪ್ಟೈಡ್. "ತೆಂಗಿನಕಾಯಿ ಸುಲಿದ ಹಾಗೆ" ಎಂದರು ಅವರು. ಒಂದು ಕಾಯಿ ಸುಲಿದರೆ ಒಂದು ಕಾಯಿಯ ಸಿಪ್ಪೆ. ಅಂಗಳದಲ್ಲಿ ಬಿದ್ದ ಸಿಪ್ಪೆ ನೋಡಿ ಮನೆಯಲ್ಲಿ ಎಷ್ಟು ಕಾಯಿ ಸುಲಿದರು ಎಂದು ಹೇಳಬಹುದು. ನಾವು ಚುಚ್ಚಿಕೊಳ್ಳುವ ಇನ್ಸುಲಿನ್ ಅಂಗಡಿಯಿಂದ ತಂದ ಸುಲಿದ ಕಾಯಿ. ಅದರ ಜೊತೆ ಸಿಪ್ಪೆ ಬರುವುದಿಲ್ಲ. ಹಾಗಾಗಿ ರಕ್ತದಲ್ಲಿ ಸಿ-ಪೆಪ್ಟೈಡ್ ಇದೆ ಅಂದರೆ ಅಷ್ಟು ಇನ್ಸುಲಿನ್ ನಮ್ಮ ಮೈಯೇ ಮಾಡಿದ್ದು.

ಟೈಪ್ ಒನ್‌ನಲ್ಲಿ ಮೈಯ ರೋಗನಿರೋಧಕ ಪಡೆಯೇ ಬೀಟಾ ಕೋಶಗಳನ್ನು ಕೊಂದುಹಾಕುತ್ತದೆ. ಕೆಲವು ವರ್ಷ ಕಳೆದ ಮೇಲೆ ಸಿ-ಪೆಪ್ಟೈಡ್ ಹೆಚ್ಚಿನವರಲ್ಲಿ 0.6ಕ್ಕಿಂತ ಕೆಳಗೆ ಹೋಗುತ್ತದೆ, ಎಷ್ಟೋ ಜನರಲ್ಲಿ ಸೊನ್ನೆಯ ಹತ್ತಿರ ಬರುತ್ತದೆ. ನನ್ನದು 1.3 ಬಂತು. ಕೋಶಗಳ ಮೇಲೆ ದಾಳಿ ಮಾಡುವ ಆಂಟಿಬಾಡಿಗಳನ್ನೂ ನೋಡಿದರು, ಜಿಎಡಿ ಮತ್ತು ಇನ್ನೆರಡು. ಮೂರೂ ಇಲ್ಲ.

ಆ ದಿನ ಅಮ್ಮನೂ ಜೊತೆಗೆ ಬಂದಿದ್ದರು. ಅವರಿಗೆ 2018ರಿಂದ ಶುಗರ್ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. "ಅಮ್ಮನದ್ದೂ ಒಮ್ಮೆ ನೋಡುವ" ಎಂದರು ಡಾಕ್ಟ್ರು. ಅಮ್ಮನ ಸಿ-ಪೆಪ್ಟೈಡ್ 4.6.

ಎರಡು ರಿಪೋರ್ಟನ್ನು ಪಕ್ಕಪಕ್ಕ ಇಟ್ಟುಕೊಂಡು ನಾನು ತುಂಬಾ ಹೊತ್ತು ನೋಡಿದೆ. ಒಂದೇ ಮನೆ, ಒಂದೇ ಕುಚ್ಚಲಕ್ಕಿ, ಒಂದೇ ಬಂಗುಡೆ ಸಾರು. ಕಾಯಿಲೆಯ ಹೆಸರೂ ಒಂದೇ. ಆದರೆ ಒಳಗಿನ ಕತೆ ಪೂರ್ತಿ ಬೇರೆ. ಅಮ್ಮನ ಮೈಯಲ್ಲಿ ಇನ್ಸುಲಿನ್ ಬೇಕಾದಷ್ಟು ಇದೆ, ಮೈ ಅದರ ಮಾತು ಕೇಳುವುದಿಲ್ಲ. ಅಮ್ಮನ ಹಾಗೆ ನಡುವಯಸ್ಸು ದಾಟಿದ ಮೇಲೆ ಬರುವ ಶುಗರ್‌ನಲ್ಲಿ ಒಂದು ಜೀನ್ ಅಲ್ಲ, ನೂರಾರು ಜೀನ್‌ಗಳು ಸ್ವಲ್ಪಸ್ವಲ್ಪ ತಳ್ಳುತ್ತವೆ. ಕೆಲವು ಇನ್ಸುಲಿನ್ ಮಾಡುವುದನ್ನು ಕಡಿಮೆ ಮಾಡುತ್ತವೆ. ಕೆಲವು ಹೊಟ್ಟೆಯ ಬೊಜ್ಜಿನ ಮೂಲಕ ಕೆಲಸ ಮಾಡುತ್ತವೆ. ಕೊಬ್ಬಿನ ಕೋಶಗಳೂ ಹಾರ್ಮೋನ್ ಮಾಡುತ್ತವೆ ಅಂತ ನನಗೆ ಗೊತ್ತಿರಲಿಲ್ಲ. ಇನ್ಸುಲಿನ್‌ನ ಮಾತನ್ನು ಮೈ ಕೇಳಲು ಸಹಾಯ ಮಾಡುವ ಅಡಿಪೊನೆಕ್ಟಿನ್ ಅಂತ ಒಂದಿದೆ. ಬೊಜ್ಜು ಜಾಸ್ತಿಯಾದಷ್ಟೂ ರಕ್ತದಲ್ಲಿ ಅದು ಕಡಿಮೆಯಾಗುತ್ತದೆ. ಅದರ ಮಟ್ಟ ಎಷ್ಟಿರಬೇಕು ಎನ್ನುವುದರಲ್ಲಿ ಹುಟ್ಟಿನಿಂದ ಬಂದ ಪಾಲೂ ದೊಡ್ಡದು, 3ನೇ ಕ್ರೋಮೋಸೋಮ್‌ನಲ್ಲಿ ಅದರದ್ದೇ ಜೀನ್ ಇದೆ. ಯುರೋಪಿನವರಿಗಿಂತ ನಮ್ಮವರಲ್ಲಿ ಅಡಿಪೊನೆಕ್ಟಿನ್ ಸರಾಸರಿ ಕಡಿಮೆ. ಅಮ್ಮ ನಡೆಯುವುದರಿಂದ, ಅನ್ನ ಕಡಿಮೆ ಮಾಡುವುದರಿಂದ ಅಮ್ಮನ ಶುಗರ್ ಇಳಿಯುತ್ತದೆ. ನನ್ನದು ಅಷ್ಟಕ್ಕೆ ಬಗ್ಗುವುದಲ್ಲ.

"ನಿಮ್ಮದು ಮೋಡಿ ಇರಬಹುದು" ಎಂದರು ಡಾಕ್ಟ್ರು. ಎಂ, ಓ, ಡಿ, ವೈ. ಚಿಕ್ಕ ವಯಸ್ಸಿನಲ್ಲಿ ಬರುವ, ಒಂದೇ ಜೀನ್‌ನ ತಪ್ಪಿನಿಂದ ಬರುವ ಸಕ್ಕರೆ ಕಾಯಿಲೆ. ಈ ಹೆಸರು ಬಂದದ್ದು 1970ರ ದಶಕದಲ್ಲಿ. ಶುಗರ್ ಇರುವ ನೂರು ಜನರಲ್ಲಿ ಅಂದಾಜು ಒಬ್ಬರೋ ಇಬ್ಬರೋ ಈ ಗುಂಪಿನವರು. ಅವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ.

ಅಮ್ಮನ ಮುಖ ಬಿಳಿಚಿತು. "ಮೋಡಿಯಾ? ಯಾರು ಮಾಡಿದ್ದು ಮಗಾ?" ಎಂದರು. ಅಪ್ಪ ಮೂವತ್ತೊಂಬತ್ತಕ್ಕೇ ಹೋದಾಗ ಊರಲ್ಲಿ ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿದ್ದರು. ಯಾರೋ ಮಾಟ ಮಾಡಿದ್ದಾರೆ ಎಂದು ಆಗ ಬಂದಿತ್ತಂತೆ. ಆ ಹೆದರಿಕೆ ಇಪ್ಪತ್ತೇಳು ವರ್ಷ ಅಮ್ಮನ ಒಳಗೇ ಇತ್ತು. ಡಾಕ್ಟ್ರು ಕುರ್ಚಿ ಹತ್ತಿರ ಎಳೆದುಕೊಂಡು ಅಮ್ಮನಿಗೆ ಮತ್ತೆ ಮೊದಲಿನಿಂದ ಹೇಳಿದರು. ಅವತ್ತು ಹೊರಗೆ ಜನ ತುಂಬಿ ಕೂತಿದ್ದರು. ಆದರೂ ಹೇಳಿದರು.

ಉಡುಪಿಗೆ ಬರುವ ಬಸ್ಸಿನಲ್ಲಿ ಅಮ್ಮ ಮೆಲ್ಲನೆ ಬಾಯಿಬಿಟ್ಟರು. "ನಿನ್ನ ಅಪ್ಪನಿಗೂ ಇತ್ತು. ಸಕ್ಕರೆಯ ಮಾತ್ರೆ ತಿನ್ನುತ್ತಿದ್ದರು. ಕೊನೆಗೆ ಕಿಡ್ನಿ ಹೋಯಿತು ಎಂದರು."

"ಅಮ್ಮಾ, ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಅದು ಅವರ ಕುಟುಂಬದ್ದು. ನಿನಗೆ ಹೇಗೆ ಬರ್ತದೆ? ನೀನು ನಮ್ಮ ಬರಿಯವಳು."

ನನಗೆ ಸಿಟ್ಟು ಬರಲಿಲ್ಲ. ಅಮ್ಮ ತನಗೆ ಗೊತ್ತಿದ್ದ ಲೆಕ್ಕವನ್ನೇ ಹೇಳಿದ್ದರು. ಆಸ್ತಿ, ಹೆಸರು, ದೈವ, ಸೂತಕ ಎಲ್ಲವೂ ಆ ಲೆಕ್ಕದಲ್ಲೇ ನಡೆದಿದೆ. ಆದರೆ ಹೆಚ್ಚುಕಡಿಮೆ ಪ್ರತಿಯೊಂದು ಜೀನ್‌ನ ಎರಡು ಪ್ರತಿ ನಮ್ಮಲ್ಲಿ ಇರುತ್ತವೆ, ಒಂದು ಅಮ್ಮನಿಂದ, ಒಂದು ಅಪ್ಪನಿಂದ. ಮೋಡಿಗೆ ಆ ಎರಡರಲ್ಲಿ ಒಂದು ಕೆಟ್ಟರೂ ಸಾಕು.

ಅಪ್ಪನ ತಂಗಿ, ನನ್ನ ಮಾಮಿ, ಕಟಪಾಡಿಯ ಹತ್ತಿರ ಇದ್ದಾರೆ ಎಂದು ಗೊತ್ತಿತ್ತು. ಮಾವನಿಂದ ಫೋನ್ ನಂಬರ್ ಹುಡುಕಿಸಿ ಒಂದು ಭಾನುವಾರ ಹೋದೆ. ಕೈಯಲ್ಲಿ ಎಂತ ಹಿಡಿದುಕೊಂಡು ಹೋಗುವುದು ಎಂದು ತುಂಬಾ ಯೋಚಿಸಿದೆ. ಬೇಕರಿಯ ತಿಂಡಿ ಬೇಡ ಅನ್ನಿಸಿತು. ಕೊನೆಗೆ ಮಲ್ಲಿಗೆ ಒಂದು ಅಟ್ಟಿ ತೆಗೆದುಕೊಂಡೆ.

"ಬಲ ಮಗಾ, ಕುಲ್ಲು" ಎಂದರು ಮಾಮಿ ತುಳುವಿನಲ್ಲಿ, ಬಾ, ಕೂತುಕೋ ಎಂದು. ನನ್ನ ಮುಖವನ್ನೇ ನೋಡುತ್ತಾ ನಿಂತರು. "ಅಣ್ಣನ ಮೂಗು" ಎಂದು ಕಣ್ಣು ಒರೆಸಿಕೊಂಡರು. ಅವರಿಗೆ ಅರುವತ್ತೊಂದು. ಸಪೂರ ಮೈ, ನನ್ನ ಹಾಗೇ ಉದ್ದ ಬೆರಳು. ಎಡಗಾಲಿನ ಕಿರುಬೆರಳು ಇರಲಿಲ್ಲ. ಗಾಯ ಒಣಗದೆ ತೆಗೆಯಬೇಕಾಯಿತಂತೆ. ನೀರು ತರುತ್ತೇನೆ ಎಂದು ಫ್ರಿಜ್ ತೆರೆದರು. ಬಾಗಿಲಿನ ಮೊಟ್ಟೆ ಇಡುವ ಗುಳಿಗಳಲ್ಲಿ ಎರಡು ಇನ್ಸುಲಿನ್ ಬಾಟಲಿ ಇದ್ದವು, ತಲೆಕೆಳಗಾಗಿ ಉರುಳದ ಹಾಗೆ ಸುತ್ತ ಹತ್ತಿ ತುಂಬಿಸಿದ್ದರು. ನಮ್ಮ ಮನೆಯ ಫ್ರಿಜ್‌ನಲ್ಲೂ ಅದೇ ಗುಳಿ, ಅದೇ ಹತ್ತಿ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡದೆ ಕಲಿತದ್ದು.

ಊಟ ಆದ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ವೃತ್ತ, ಚೌಕ ಬರೆದೆವು. ಮಾಮಿ ಹೇಳಿದರು, ನಾನು ಬರೆದೆ. ಅಜ್ಜಿ, ಅಂದರೆ ಅಪ್ಪನ ಅಮ್ಮ: "ಬಾವಿಯ ಕೊಡಪಾನ ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಿದ್ದರು." ಕಪ್ಪು ವೃತ್ತ. ಅಪ್ಪ, ಇಪ್ಪತ್ತನಾಲ್ಕಕ್ಕೆ. ಕಪ್ಪು. ಪುಣೆಯಲ್ಲಿದ್ದ ದೊಡ್ಡಪ್ಪ, ಇಪ್ಪತ್ತೆಂಟಕ್ಕೆ. ಕಪ್ಪು. ಮಾಮಿ, ಇಪ್ಪತ್ತೆರಡಕ್ಕೆ, ಮೊದಲ ಹೆರಿಗೆಯ ಹೊತ್ತಿಗೆ. ಕಪ್ಪು. ಕೊನೆಯ ಚಿಕ್ಕಪ್ಪನಿಗೆ ಐವತ್ತೆಂಟಾದರೂ ಏನೂ ಇಲ್ಲ. ಬಿಳಿ. ಮಾಮಿಯ ಮಗನಿಗೆ ಇದೆ, ಮಗಳಿಗಿಲ್ಲ. ಮೂರು ತಲೆಮಾರಿನಲ್ಲಿ ಒಂದು ತಲೆಮಾರನ್ನೂ ಬಿಟ್ಟಿರಲಿಲ್ಲ. ಯಾರೂ ದಪ್ಪ ಇರಲಿಲ್ಲ. ಎಲ್ಲರಿಗೂ ಮೂವತ್ತರ ಒಳಗೇ ಬಂದಿತ್ತು. ಹಾಳೆಯಲ್ಲಿ ಅದು ಒಮ್ಮೆಗೇ ಕಂಡಿತು. ಡಾಕ್ಟ್ರ ಮೇಜಿನ ಮೇಲಿದ್ದ ಖಾಲಿ ಬಲಭಾಗ ಇದು.

ಆಮೇಲೆ ಜೀನ್ ಪರೀಕ್ಷೆ. ಅದು ಮೈಗೆ ಏನೂ ಕಷ್ಟದ್ದಲ್ಲ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಮೂರು ಎಂಎಲ್ ರಕ್ತ. ಅದಕ್ಕಿಂತ ಮೊದಲು ಕೌನ್ಸೆಲರ್ ಜೊತೆ ಮುಕ್ಕಾಲು ಗಂಟೆ ಮಾತು. ಫಲಿತಾಂಶ ಮೂರು ಥರ ಬರಬಹುದು ಎಂದರು. ತಪ್ಪು ಸಿಗಬಹುದು, ಸಿಗದೇ ಇರಬಹುದು, ಅಥವಾ ಒಂದು ಬದಲಾವಣೆ ಸಿಕ್ಕಿ ಅದು ಕಾಯಿಲೆ ತರುವುದೋ ಅಲ್ಲವೋ ಎಂದು ಹೇಳಲಾಗದೇ ಇರಬಹುದು. ಮೂರನೆಯದಕ್ಕೂ ತಯಾರಾಗಿರಿ ಎಂದರು. ನನಗೆ 14 ಸಾವಿರ ರೂಪಾಯಿ ಆಯಿತು. ಶಾಲೆಯ ಸಂಬಳದಲ್ಲಿ ಅದು ಸಣ್ಣ ಮೊತ್ತ ಅಲ್ಲ. ಗಂಡ ಒಂದು ಮಾತೂ ಆಡದೆ ಕಟ್ಟಿದರು. ರಿಪೋರ್ಟಿಗೆ ಐದು ವಾರ ಕಾದೆವು.

ಬಂದದ್ದು ಎಚ್‌ಎನ್‌ಎಫ್‌1ಎ. 12ನೇ ಕ್ರೋಮೋಸೋಮ್‌ನಲ್ಲಿರುವ ಜೀನ್. ಅದರ ಒಂದು ಜಾಗದಲ್ಲಿ ಎಲ್ಲರಲ್ಲೂ 'ಸಿ' ಎನ್ನುವ ಅಕ್ಷರ ಎಂಟು ಸಲ ಸಾಲಾಗಿ ಬರುತ್ತದೆ. ನನ್ನ ಒಂದು ಪ್ರತಿಯಲ್ಲಿ ಒಂಬತ್ತು ಇದೆ. ಅಷ್ಟೇ ತಪ್ಪು, ಒಂದಕ್ಷರ ಜಾಸ್ತಿ. ಒಂದೇ ಅಕ್ಷರ ಸಾಲಾಗಿ ಬಂದಾಗ ನಕಲು ಮಾಡುವಲ್ಲಿ ಕೈತಪ್ಪುವುದು ಸುಲಭ. ಹಾಗಾಗಿ ಈ ಜೀನ್‌ನಲ್ಲಿ ಲೋಕದ ಬೇರೆಬೇರೆ ಕಡೆ ಅತಿ ಹೆಚ್ಚು ಕಾಣುವ ತಪ್ಪು ಇದೇ. ಒಂದಕ್ಷರದಿಂದ ಏನು ಮಹಾ ಎಂದು ನಾನೂ ಕೇಳಿದೆ. ಜೀವಕೋಶ ಈ ಬರಹವನ್ನು ಮೂರು ಮೂರು ಅಕ್ಷರ ಸೇರಿಸಿ ಓದುತ್ತದೆ. 'ಕಮಲ ಅರಳಿ ನಗುವ' ಎಂಬುದಕ್ಕೆ ಒಂದು 'ಮ' ಜಾಸ್ತಿ ಸೇರಿಸಿ ಮೂರು ಮೂರಾಗಿ ಓದಿ ನೋಡಿ: 'ಕಮಮ ಲಅರ ಳಿನಗು ವ'. ಅಲ್ಲಿಂದ ಮುಂದೆ ಒಂದೂ ಅರ್ಥವಾಗುವುದಿಲ್ಲ. ಸ್ವಲ್ಪ ದೂರ ಹೋಗಿ ಕೋಶ ಓದುವುದನ್ನೇ ನಿಲ್ಲಿಸುತ್ತದೆ.

ಈ ಜೀನ್ ಬೀಟಾ ಕೋಶದಲ್ಲಿ ಬೇರೆ ಜೀನ್‌ಗಳನ್ನು ನಡೆಸುವ ಮೇಸ್ತ್ರಿಯ ಹಾಗೆ. ಊಟ ಮಾಡಿ ಸಕ್ಕರೆ ಏರಿದಾಗ ಕೋಶ ಅದನ್ನು ಉರಿಸಿ ಶಕ್ತಿ ಮಾಡಬೇಕು. ಆ ಶಕ್ತಿಯೇ ಇನ್ಸುಲಿನ್ ಬಿಡು ಎನ್ನುವ ಸೂಚನೆ. ನನ್ನಲ್ಲಿ ಆ ಸೂಚನೆ ಅರ್ಧದಾರಿಯಲ್ಲಿ ಸೋರಿಹೋಗುತ್ತದೆ. ಇನ್ಸುಲಿನ್ ಒಳಗೆ ಇದೆ, ಹೊರಗೆ ಬರುವುದು ಸಾಲುವುದಿಲ್ಲ. ನಮ್ಮೂರ ಹೊಳೆಯ ಕಿಂಡಿ ಅಣೆಕಟ್ಟು ನೆನಪಾಯಿತು. ಹಿಂದೆ ನೀರು ನಿಂತಿದೆ, ಹಲಗೆ ತೆಗೆಯಬೇಕಾದವನಿಗೆ ಸುದ್ದಿ ಮುಟ್ಟುವುದಿಲ್ಲ. ಇದೇ ಮೇಸ್ತ್ರಿ ಕಿಡ್ನಿಯಲ್ಲೂ ಕೆಲಸ ಮಾಡುತ್ತದೆ, ಸಕ್ಕರೆಯನ್ನು ವಾಪಸ್ ಹಿಡಿಯುವ ಬಾಗಿಲುಗಳನ್ನು ಮಾಡಿಸುತ್ತದೆ. ಅಲ್ಲೂ ಕೆಲಸ ಅರ್ಧ. ಶಾಲೆಯ ತಪಾಸಣೆಯಲ್ಲಿ ಆ ಪಟ್ಟಿ ಕಂದಾದದ್ದು ಅದಕ್ಕೇ.

ಇದಕ್ಕೆ ಮದ್ದು ಹೊಸದಲ್ಲ, ದುಬಾರಿಯೂ ಅಲ್ಲ. ಗ್ಲಿಕ್ಲಜೈಡ್ ಎಂಬ ಹಳೆಯ ಮಾತ್ರೆ. ಆ ಮಾತ್ರೆ ಸೂಚನೆಗೆ ಕಾಯುವುದಿಲ್ಲ, ನೇರವಾಗಿ ಹಲಗೆಗೇ ಕೈ ಹಾಕುತ್ತದೆ. 2003ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನ ಡಾಕ್ಟರುಗಳು ಈ ಜೀನ್ ಕೆಟ್ಟವರಿಗೆ ಎರಡು ಮಾತ್ರೆ ಕೊಟ್ಟು ಹೋಲಿಸಿ ನೋಡಿದರು. ಎಲ್ಲರೂ ತಿನ್ನುವ ಮೆಟ್‌ಫಾರ್ಮಿನ್‌ಗಿಂತ ಗ್ಲಿಕ್ಲಜೈಡ್ ಅವರ ಸಕ್ಕರೆಯನ್ನು ಐದು ಪಟ್ಟು ಹೆಚ್ಚು ಇಳಿಸಿತು. ಈ ಕಾಯಿಲೆಯ ಹಿಂದೆ ಇರುವುದು ಈ ಜೀನ್ ಎಂದು ಗೊತ್ತಾದದ್ದು 1996ರಲ್ಲಿ. ಅಪ್ಪ ಹೋದದ್ದು 1997ರಲ್ಲಿ. ಈ ಎರಡು ಇಸವಿಗಳನ್ನು ಪಕ್ಕಪಕ್ಕ ಬರೆಯುವಾಗ ಈಗಲೂ ನನ್ನ ಕೈ ನಿಲ್ಲುತ್ತದೆ.

ಇನ್ಸುಲಿನ್ ಬಿಟ್ಟದ್ದು ಒಂದೇ ದಿನದಲ್ಲಿ ಅಲ್ಲ. 40 ಎಂಜಿ ಮಾತ್ರೆಯಲ್ಲಿ ಅರ್ಧ ಬೆಳಿಗ್ಗೆ. ಮೊದಲು ಊಟದ ಮುಂಚಿನ ಮೂರು ಚುಚ್ಚುಮದ್ದು ನಿಲ್ಲಿಸಿದರು, ರಾತ್ರಿಯದ್ದನ್ನು ವಾರವಾರ ಇಳಿಸಿದರು. ದಿನಕ್ಕೆ ಏಳು ಸಲ ಬೆರಳು ಚುಚ್ಚಿ ಬರೆದಿಡಬೇಕಿತ್ತು. ನಾಲ್ಕನೇ ದಿನ ಹನ್ನೊಂದೂವರೆಗೆ ಏಳನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೆ. ಕೈ ನಡುಗಿತು, ಬೋರ್ಡಿನ ಅಕ್ಷರ ಎರಡಾಯಿತು. ನೋಡಿದರೆ 58. ಅರ್ಧ ಮಾತ್ರೆಗೇ ಇಷ್ಟು! ಒಬ್ಬ ಹುಡುಗಿ ತನ್ನ ಚೀಲದಿಂದ ಬೆಲ್ಲದ ಕಡ್ಲೆಮಿಠಾಯಿ ತೆಗೆದು ಕೊಟ್ಟಳು. ಡಾಕ್ಟ್ರಿಗೆ ಫೋನ್ ಮಾಡಿದರೆ, "ರಾತ್ರಿಯ ಇನ್ಸುಲಿನ್ ಇವತ್ತೇ ಇನ್ನೂ ನಾಲ್ಕು ಯೂನಿಟ್ ಇಳಿಸಿ. ಮಾತ್ರೆ ಕೆಲಸ ಮಾಡ್ತಾ ಉಂಟು" ಎಂದರು. ಅವರ ಸ್ವರದಲ್ಲಿ ಸಂತೋಷ ಕೇಳಿಸುತ್ತಿತ್ತು.

ಮೂರನೇ ವಾರ, ಒಂದು ಮಂಗಳವಾರ ರಾತ್ರಿ, ಚುಚ್ಚಿಕೊಳ್ಳದೆ ಮಲಗಿದೆ. ನಿದ್ದೆ ಬರಲಿಲ್ಲ. ಎರಡು ಗಂಟೆಗೆ, ನಾಲ್ಕು ಗಂಟೆಗೆ ಎದ್ದು ನೋಡಿದೆ. 131, 124. ಬೆಳಿಗ್ಗೆ 118. ಫ್ರಿಜ್‌ನಿಂದ ಇನ್ಸುಲಿನ್ ಪೆನ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತೆ. ಹೆಣ್ಣು ನೋಡಲು ಬಂದವರು "ಇನ್ಸುಲಿನ್ ಹುಡುಗಿಯಾ" ಎಂದು ಎದ್ದುಹೋದದ್ದು ನೆನಪಾಯಿತು. ಮಗಳು ಹೊಟ್ಟೆಯಲ್ಲಿದ್ದಾಗ ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋಗಿ ಬಾಟಲಿಗಳನ್ನು ನೀರಿನ ಮಡಕೆಯ ಪಕ್ಕದಲ್ಲಿ ಇಟ್ಟು ಕಾದದ್ದು ನೆನಪಾಯಿತು. ಅಮ್ಮ ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಇಟ್ಟರು. ನಾವಿಬ್ಬರೂ ಏನೂ ಮಾತಾಡಲಿಲ್ಲ.

ಮಾತ್ರೆಗೆ ಮುಂಚೆ ನನ್ನ ಮೂರು ತಿಂಗಳ ಸರಾಸರಿ ಎಚ್‌ಬಿಎ1ಸಿ 8.1 ಇತ್ತು. ಮಾತ್ರೆ ಶುರು ಮಾಡಿ ಮೂರು ತಿಂಗಳಿಗೆ 6.7 ಬಂತು. ಕಾಯಿಲೆ ಹೋಗಲಿಲ್ಲ. ಕಣ್ಣು, ಕಿಡ್ನಿ, ಹೃದಯದ ಅಪಾಯ ಬೇರೆ ಶುಗರ್‌ನವರಿಗೆ ಇರುವಷ್ಟೇ ನನಗೂ ಇದೆ. ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು. ಮುಂದೆ ಯಾವಾಗಲೋ ಮತ್ತೆ ಇನ್ಸುಲಿನ್ ಬೇಕಾಗಬಹುದು. ಅದೆಲ್ಲ ಗೊತ್ತಿದ್ದೂ ಹೇಳುತ್ತೇನೆ, ಈ ಅರ್ಧ ಮಾತ್ರೆ ನನಗೆ ದೊಡ್ಡದು.

ಮಾಮಿಯನ್ನು ನಾನೇ ಕರೆದುಕೊಂಡು ಹೋದೆ. ಒಬ್ಬರಲ್ಲಿ ತಪ್ಪು ಯಾವ ಜಾಗದಲ್ಲಿದೆ ಎಂದು ಗೊತ್ತಾದ ಮೇಲೆ ಮನೆಯವರಲ್ಲಿ ಆ ಒಂದೇ ಜಾಗ ನೋಡಿದರೆ ಸಾಕು, ಖರ್ಚು ತುಂಬಾ ಕಡಿಮೆ. ಅವರಲ್ಲೂ ಒಂಬತ್ತು 'ಸಿ'. ಆದರೆ ಅವರಿಗೆ ನನ್ನ ಹಾಗೆ ಆಗಲಿಲ್ಲ. ಅಷ್ಟು ವರ್ಷದಲ್ಲಿ ಅವರ ಬೀಟಾ ಕೋಶ ಸೋತಿತ್ತು, ಕಿಡ್ನಿಯೂ ಸ್ವಲ್ಪ ಪೆಟ್ಟು ತಿಂದಿತ್ತು. ಮಾತ್ರೆ ಸೇರಿಸಿ ಇನ್ಸುಲಿನ್ 38 ಯೂನಿಟ್‌ನಿಂದ 16ಕ್ಕೆ ಇಳಿಯಿತು, ನಿಲ್ಲಲಿಲ್ಲ. ನಾನು ಬೇಜಾರು ಮಾಡಿಕೊಂಡಾಗ ಅವರೇ ಸಮಾಧಾನ ಹೇಳಿದರು. "ರಾತ್ರಿ ಒಂದು ಸೂಜಿ ಸಾಕು ಎಂದರು ಮಗಾ. ನಾಲ್ಕರಿಂದ ಒಂದು. ನೀನು ಬಾರದೆ ಇದ್ದಿದ್ದರೆ ಅದೂ ಇಲ್ಲ."

ನನ್ನ ಮಗಳಿಗೆ ಎಂಟು ವರ್ಷ. ಅವಳಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಈಗಲೇ ಜೀನ್ ಪರೀಕ್ಷೆ ಮಾಡಿಸಬೇಕಾ ಎಂದು ಗಂಡನೂ ನಾನೂ ತುಂಬಾ ಮಾತಾಡಿದೆವು. ಅವಸರ ಇಲ್ಲ, ಅವಳಿಗೂ ಸ್ವಲ್ಪ ತಿಳಿಯುವ ವಯಸ್ಸಾಗಲಿ ಎಂದರು ಕೌನ್ಸೆಲರ್. ಅಲ್ಲಿಯವರೆಗೆ ವರ್ಷಕ್ಕೊಮ್ಮೆ ಊಟದ ನಂತರದ ಶುಗರ್ ನೋಡುತ್ತೇವೆ. ಖಾಲಿ ಹೊಟ್ಟೆಯದ್ದು ಮಾತ್ರ ನೋಡಿ ಸುಮ್ಮನಾಗಬಾರದು. ಈ ಥರದಲ್ಲಿ ಮೊದಮೊದಲು ಖಾಲಿ ಹೊಟ್ಟೆಯದ್ದು ಸರಿಯಾಗಿಯೇ ಇರುತ್ತದೆ, ಊಟ ಆದ ಮೇಲೆ ಒಮ್ಮೆಗೇ ಏರುತ್ತದೆ.

ಈ ವರ್ಷದ ನಾಗರ ಪಂಚಮಿಗೆ ಹಿರಿಯಡ್ಕದ ಬನದಲ್ಲಿ ತನು ಹಾಕಿ ಮಧ್ಯಾಹ್ನ ಕಟಪಾಡಿಗೂ ಹೋದೆ. ಕ್ಯಾಲೆಂಡರಿನ ಹಾಳೆ ಈಗ ಮಾಮಿಯ ಮನೆಯ ದೇವರ ಕೋಣೆಯ ಕಪಾಟಿನಲ್ಲಿದೆ. ಪುಣೆಯಿಂದ ದೊಡ್ಡಪ್ಪನ ಮಗ ಫೋನ್‌ನಲ್ಲೇ ಇನ್ನು ನಾಲ್ಕು ಹೆಸರು ಹೇಳಿ ಸೇರಿಸಿದ್ದಾನೆ. ಇಡೀ ಹಾಳೆಯಲ್ಲಿ ಎರಡಕ್ಕೆ ಇನ್ನೂ ಬಣ್ಣ ಹಾಕಿಲ್ಲ, ಪ್ರಶ್ನೆ ಚಿಹ್ನೆ ಮಾತ್ರ ಇದೆ. ಅದರಲ್ಲಿ ಒಬ್ಬ ಮಾಮಿಯ ಮೊಮ್ಮಗ, ಪಿಯುಸಿ ಓದುವ ಹುಡುಗ. ಸಪೂರ, ಉದ್ದ ಬೆರಳು. ನನ್ನ ಹಳೆಯ ಗ್ಲುಕೋಮೀಟರ್ ಅವನಿಗೆ ಕೊಟ್ಟು ಬಂದಿದ್ದೆ.

ಕಳೆದ ಗುರುವಾರ ರಾತ್ರಿ ಹತ್ತು ಗಂಟೆಗೆ ಅವನ ಫೋನ್ ಬಂತು.

"ಚಿಕ್ಕೀ, ಬೆಳಿಗ್ಗೆ 97 ಇತ್ತು. ಈಗ ಊಟ ಆಗಿ ಎರಡು ಗಂಟೆ ಕಳೆದ ಮೇಲೆ 212. ಎರಡು ಸಲ ನೋಡಿದೆ. ಅಜ್ಜಿಗೆ ಹೇಳಲಿಲ್ಲ."

"ಹೆದರಬೇಡ" ಎಂದೆ. "ನಾಳೆ ಬೆಳಿಗ್ಗೆ ಏನೂ ತಿನ್ನದೆ ಮೊದಲ ಬಸ್ಸಿಗೆ ಹೊರಡು. ನಾನು ಮಣಿಪಾಲದಲ್ಲಿ ಟೈಗರ್ ಸರ್ಕಲ್‌ನಲ್ಲಿ ನಿಂತಿರ್ತೇನೆ. ಬರುವಾಗ ಅಜ್ಜಿಯ ಕಪಾಟಿನಿಂದ ಆ ಹಾಳೆ ತಾ."